ಗಾಳಿರಾಟೆಗೆ ಬಳಿದ ಬೆಳ್ಳಿ ಬಣ್ಣ

ಗಜೇಂದ್ರಗಡ
14-6-2005

ಪ್ರೀತಿಯ ವಿದ್ಯಾ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಸಿಟ್ಟಿನಲ್ಲಿ. ಫೋನ್ ಮಾಡಬಹುದಿತ್ತು. ಆದರೆ ನಮ್ಮೂರ ಬೂತಿನ ಮಲಿಕಸಾಬ ಬೇರೆಯವರ ಮಾತನ್ನು ಮೈಮರೆತು ಕೇಳುತ್ತಾನೆ, ಮೀಟರಿನ ಕಡೆಗೂ ನೋಡುವುದಿಲ್ಲ. ನನ್ನ ಸಿಟ್ಟು ಸಂಜೆಯೊಳಗೆ ಪೇಟೆಗೆಲ್ಲ ಹಂಚಿಹೋಗುವುದು ಬೇಡ.

ಸಿಮ್ರಾನಳನ್ನು ಶಾಲೆ ಬಿಡಿಸಿದ್ದೇನೆ. ಗಾಬರಿಯಾಗಬೇಡ, ಪೂರ್ತಿ ಓದು.

ಅವಳ ಶಾಲೆಗೆ ಸರಕಾರದಿಂದ ವಿಜ್ಞಾನದ ಪೆಟ್ಟಿಗೆ ಬಂದು ಯಾವ ಕಾಲವಾಯಿತೋ. ಮಸೂರ, ಅಯಸ್ಕಾಂತ, ಪುಟ್ಟ ತಕ್ಕಡಿ, ಎಲ್ಲ ಇವೆ. ಆ ಪೆಟ್ಟಿಗೆ ಹೆಡ್‌ಮಾಸ್ತರರ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ಆಯುಧಪೂಜೆಗೊಮ್ಮೆ ಹೊರಗೆ ತರುತ್ತಾರೆ, ಕುಂಕುಮ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ, ಮತ್ತೆ ಒಳಗಿಡುತ್ತಾರೆ. ಮಕ್ಕಳು ಕೈ ಮುಗಿಯಬೇಕು, ಅಷ್ಟೇ ಪಾಠ. ಹೋದ ವಾರ ಕಪಾಟು ತೆರೆದಿತ್ತಂತೆ. ಇವಳು ಅಯಸ್ಕಾಂತ ತೆಗೆದು ಅಂಗಳದ ಮೊಳೆಗಳನ್ನು ಹಿಡಿದು ನೋಡಿದ್ದಾಳೆ. ಮಾಸ್ತರರು ಅಂಗೈ ಬಾತುಹೋಗುವ ಹಾಗೆ ಹೊಡೆದಿದ್ದಾರೆ. "ಮುಟ್ಟಬ್ಯಾಡ ಅಂದ್ರ ತಿಳಿಯಂಗಿಲ್ಲೇನ? ಕೆಟ್ಟ್ರ ನಿಮ್ಮಪ್ಪ ತಂದ ಕೊಡ್ತಾನೇನ?"

ನಾನು ಕೇಳಲು ಹೋದೆ. ಹೆಡ್‌ಮಾಸ್ತರರು ನಗುತ್ತಾ ಹೇಳಿದರು, "ಹೆಣ್ಣ ಹುಡುಗಿಗೆ ಅಯಸ್ಕಾಂತ ಯಾಕ ಬೇಕ್ರಿ ಬಾಯಿ? ನಾಳೆ ಬಳಿ ಅಂಗಡ್ಯಾಗ ಕುಂದ್ರಾಕಿ ಅಲ್ಲ?" ನನ್ನ ಗಂಡ ಖಾದರನದು ಬಳೆ ಅಂಗಡಿ ಎಂಬುದು ಅವರಿಗೆ ಗೊತ್ತು. ನಾನು ಗದಗಿನಲ್ಲಿ ನಿನ್ನ ಜೊತೆ ಬಿ.ಎಸ್ಸಿ. ಮಾಡಿದವಳು ಎಂಬುದು ಗೊತ್ತಿಲ್ಲ. ಮಗಳ ಕೈ ಹಿಡಿದು ಎದ್ದು ಬಂದೆ.

ಈಗ ನಮ್ಮ ಪಡಸಾಲೆಯಲ್ಲಿ ಐದು ಮಕ್ಕಳಿದ್ದಾರೆ. ಸಿಮ್ರಾನ, ಅವಳ ತಮ್ಮ ನಯೀಮ, ಎದುರು ಮನೆಯ ಮದರಬಿಯ ಇಬ್ಬರು ಮೊಮ್ಮಕ್ಕಳು, ಮತ್ತೆ ಪಕ್ಕದ ನೇಕಾರ ಶಂಭುಲಿಂಗನ ಮಗಳು ವೀರವ್ವ. ವೀರವ್ವ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅಪ್ಪ ಸೀರೆ ನೇಯಲು ಅವಳು ಕಂಡಿಕೆ ಸುತ್ತಬೇಕು, ಅಂದರೆ ಲಾಳಿಯೊಳಗೆ ಇಡುವ ಪುಟ್ಟ ಕಡ್ಡಿಗೆ ದಿನವಿಡೀ ನೂಲು ಸುತ್ತಬೇಕು. ಬಿಡುವಾದಾಗ ಓಡಿ ಬರುತ್ತಾಳೆ.

ನನಗೆ ಪುಸ್ತಕ ಬೇಡ. ಐದೂ ಮಕ್ಕಳು ಕೂಡಿ ಕೈಯಿಂದ ಕಟ್ಟುವಂಥದ್ದು ಬೇಕು. ನೀನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಏನಾದರೂ ಕಳಿಸು.

ನಿನ್ನ
ಗುಲ್ಷನ

•

ನರಗುಂದ
30-6-2005

ಪ್ರಿಯ ಗುಲ್ಷನ,

ನಿನ್ನ ಪತ್ರ ಓದಿ ಹಾಸ್ಟೆಲಿನ ದಿನ ನೆನಪಾಯಿತು. ಅನ್ನದಲ್ಲಿ ಕಲ್ಲು ಬಂತೆಂದು ತಟ್ಟೆ ಹಿಡಿದುಕೊಂಡು ಪ್ರಿನ್ಸಿಪಾಲರ ಮನೆಗೇ ಹೋದವಳು ನೀನು. ನಾನೂ ಬಂದಿದ್ದೆ, ಗೇಟಿನವರೆಗೆ.

ಸ್ನೇಹಿತೆಯಾಗಿ ಹೇಳುತ್ತೇನೆ, ಬೇಸರಿಸಬೇಡ. ಸಿಟ್ಟು ಇಳಿದ ಮೇಲೆ ಸಿಮ್ರಾನಳನ್ನು ಬೇರೆ ಶಾಲೆಗೆ ಸೇರಿಸು. ಮನೆಯಲ್ಲಿ ಎಷ್ಟು ಕಲಿತರೂ ಅದಕ್ಕೊಂದು ಹೆಸರಿಲ್ಲ, ಸರ್ಟಿಫಿಕೇಟಿಲ್ಲ. ನಾಳೆ ಯಾರೂ ಅದನ್ನು ಕಲಿಕೆ ಎನ್ನುವುದಿಲ್ಲ.

ಆದರೂ ನೀನು ಕೇಳಿದ್ದೀ ಎಂದು ನಮ್ಮ ಶಿಕ್ಷಕರ ಶಿಬಿರದಲ್ಲಿ ಕೊಟ್ಟ ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ಥರ್ಮೋಕೋಲಿನ ಸೇತುವೆ, ಮೋಟಾರಿನ ದೋಣಿ, ಪ್ಲಾಸ್ಟಿಕ್ ಕೊಳವೆಯ ಗೋಪುರ. ಸಾಮಾನು ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಅಂಟು ಒಳ್ಳೆಯದನ್ನೇ ತೆಗೆದುಕೋ, ನೋಡಲು ಅಚ್ಚುಕಟ್ಟಾಗಿರುತ್ತದೆ.

ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಈ ವರ್ಷ ಆಗಬಹುದು.

ನಿನ್ನ
ವಿದ್ಯಾಶ್ರೀ

•

ಗಜೇಂದ್ರಗಡ
25-7-2005

ವಿದ್ಯಾ,

ನಿನ್ನ ಹಾಳೆಗಳಿಂದ ತುಂಬಾ ಉಪಕಾರವಾಯಿತು. ನಯೀಮ ಅವುಗಳಲ್ಲಿ ವಿಮಾನ ಮಾಡಿದ, ಒಂದು ಮದರಬಿಯ ಮಾಳಿಗೆಯವರೆಗೆ ಹೋಯಿತು.

ಥರ್ಮೋಕೋಲು ತರಲು ಹುಬ್ಬಳ್ಳಿಗೆ ಹೋಗಬೇಕಂತೆ! ಸೇತುವೆ ಕಟ್ಟುವುದು ಹಳ್ಳ ದಾಟಲಿಕ್ಕೋ, ಬಸ್ ಹಿಡಿಯಲಿಕ್ಕೋ? ನಾವು ಮನೆಯಲ್ಲಿದ್ದುದರಲ್ಲೇ ಶುರು ಮಾಡಿದೆವು. ಊದಿನಕಡ್ಡಿಯ ಡಬ್ಬಿ ಮತ್ತು ಒಡೆದ ಕನ್ನಡಿಯಿಂದ ಪೆರಿಸ್ಕೋಪು ಮಾಡಿ ಇಡೀ ಓಣಿಯ ಮನೆಗಳಲ್ಲಿ ಇಣುಕಿ ಬೈಸಿಕೊಂಡರು. ತೆಂಗಿನ ಕರಟದಿಂದ ತಕ್ಕಡಿ ಮಾಡಿದರು. ಮದರಬಿ ಅದರಲ್ಲಿ ಅಡಿಕೆ ತೂಗಿ, ಅಂಗಡಿಯವನ ಜೊತೆ ಜಗಳಕ್ಕೆ ಹೋದಳು.

ಆದರೆ ವೀರವ್ವನ ಬಿಡುವು ದಿನದಿನಕ್ಕೆ ಕಡಿಮೆಯಾಯಿತು. "ಟೈಮಿಲ್ರೀ ಚಾಚಿ. ಕಂಡಿಕಿ ಸುತ್ತಲಿಲ್ಲಂದ್ರ ಅಪ್ಪನ ಮಗ್ಗ ನಿಂದರ್ತೈತಿ" ಎಂದಳು. ಅದಕ್ಕೆ ಸಿಮ್ರಾನ ತಟ್ಟನೆ, "ಹಂಗಾರ ಕಂಡಿಕಿ ಗಾಳಿನ ಸುತ್ತಲಿ" ಎಂದಳು.

ನೀನು ಈಚೆಗೆ ಈ ಕಡೆ ಬಂದಿಲ್ಲ. ಗುಡ್ಡದ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರ ನಿಲ್ಲಿಸುತ್ತಿದ್ದಾರೆ. ಮಕ್ಕಳ ಕಣ್ಣೆಲ್ಲ ಅಲ್ಲೇ. ಆಷಾಢದ ಗಾಳಿ ಬೇರೆ, ಒಣಹಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗುತ್ತಿತ್ತು. ಖಾದರನ ಹಳೆಯ ಸೈಕಲ್ಲಿನ ಗಾಲಿ ಬಿಚ್ಚಿದರು. ಎಣ್ಣೆಡಬ್ಬಿ ಕತ್ತರಿಸಿ ರೆಕ್ಕೆ ಮಾಡಿ ಅದಕ್ಕೆ ಕಟ್ಟಿದರು. ಗಾಲಿಯಿಂದ ವೀರವ್ವನ ಮನೆಯ ಹಳೆಯ ರಾಟೆಯೊಂದರ ಕದಿರಿಗೆ, ಅಂದರೆ ಕಂಡಿಕೆ ಸಿಕ್ಕಿಸುವ ಸಲಾಕೆಗೆ, ಒಂದು ಹುರಿ ಎಳೆದರು. ಮಾಳಿಗೆಯ ಮೇಲಿಟ್ಟರೆ ತಿರುಗಿತು. ತಿರುಗಿ ನೂಲು ಹರಿಯಿತು. ಮತ್ತೆ ಕಟ್ಟಿದರೆ ಮತ್ತೆ ಹರಿಯಿತು. ಗಾಳಿ ರಭಸವಾಗಿ ಬಂದಾಗಲೆಲ್ಲ ಕದಿರು ಹುಚ್ಚು ಹಿಡಿದಂತೆ ಓಡುತ್ತಿತ್ತು. ರೆಕ್ಕೆ ಚಿಕ್ಕದು ಮಾಡಿ ನೋಡಿದರು, ಗಾಲಿಗೆ ಕಲ್ಲು ಕಟ್ಟಿ ನೋಡಿದರು, ಅತ್ತರು, ಒಬ್ಬರನ್ನೊಬ್ಬರು ಬೈದರು. ಕೊನೆಗೆ ವೀರವ್ವ ಹುರಿಯನ್ನು ಸಡಿಲ ಬಿಟ್ಟಳು. ಈಗ ಜೋರು ಗಾಳಿಗೆ ಹುರಿ ಜಾರುತ್ತದೆ, ನೂಲು ಉಳಿಯುತ್ತದೆ.

ಇನ್ನೊಂದು ಕೇಳು. ವೀರವ್ವನ ಮನೆಯಲ್ಲೊಂದು ರೂಢಿಯಿದೆ, ಗಂಟನ್ನು ಹಾಕಿದವರೇ ಬಿಚ್ಚಬೇಕು. ಬೇರೆಯವರು ಬಿಚ್ಚಬಾರದು, ಬ್ಲೇಡಂತೂ ತಾಗಿಸಲೇಬಾರದು. ನಮ್ಮ ಮಕ್ಕಳೂ ಅದನ್ನೇ ಹಿಡಿದಿದ್ದಾರೆ. ಮೊಳೆ ಇಲ್ಲ, ಅಂಟು ಇಲ್ಲ, ಎಲ್ಲ ಕೀಲೂ ನೂಲಿನ ಗಂಟಿನವೇ. ಸಿಮ್ರಾನಳದು ಕೆಂಪು, ನಯೀಮನದು ಹಳದಿ, ವೀರವ್ವನದು ಹಸಿರು. ಯಾವ ಗಂಟು ಯಾರದು ಎಂದು ದೂರದಿಂದಲೇ ಹೇಳಬಹುದು.

ಶಂಭುಲಿಂಗ ಬಂದು ನೋಡಿ, "ನನ್ನ ಮಗಳ ಕೈಯಷ್ಟ ಮೆತ್ತಗ ಸುತ್ತಿದ್ರ ಆಕೀನ್ನ ಕಳಸ್ತೀನ್ರಿ" ಎಂದ. ಸುತ್ತಿತು. ವೀರವ್ವ ಈಗ ದಿನಾ ಮಧ್ಯಾಹ್ನ ನನ್ನ ಪಡಸಾಲೆಯಲ್ಲಿ ಕೂಡುತ್ತಾಳೆ. ಕಾಗುಣಿತ ಮುಗಿಸಿದಳು. ಇದಕ್ಕೆ ಹೆಸರಿಲ್ಲ ಅಂದೆಯಲ್ಲ, ಏನು ಹೆಸರಿಡೋಣ ಹೇಳು.

ಗುಲ್ಷನ

•

ನರಗುಂದ
6-8-2005

ಪ್ರಿಯ ಗುಲ್ಷನ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಬೆರಗಾದರು. ನವೆಂಬರಿನಲ್ಲಿ ರೋಣದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ನಮ್ಮ ಶಾಲೆಗೂ ಆಹ್ವಾನ ಬಂದಿದೆ. ಶಾಲೆಯ ಹೆಸರಿಲ್ಲದೆ ಅಲ್ಲಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಶಾಲೆಯ ಹೆಸರಿನಲ್ಲಿ ಇಡೋಣ ಎಂದು ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಹೇಳಿದೆ. ಖುಷಿಯಿಂದ ಒಪ್ಪಿದರು.

ಸಿಮ್ರಾನ ಮತ್ತು ವೀರವ್ವ ಪಕ್ಕದಲ್ಲಿ ನಿಂತು ವಿವರಿಸಲಿ. ಅವರ ಹೆಸರೂ ಬರುತ್ತದೆ. ನಾನಿದ್ದೇನೆ. ಯಂತ್ರವನ್ನು ಮೊದಲೇ ಕಳಿಸು, ಇಲ್ಲಿ ಒಂದು ಸಲ ನೋಡಬೇಕು.

ನಿನ್ನ
ವಿದ್ಯಾ

•

ಗಜೇಂದ್ರಗಡ
12-9-2005

ವಿದ್ಯಾ,

ತಡವಾಯಿತು. ನನಗೆ ಮನಸ್ಸಿರಲಿಲ್ಲ, ಬಚ್ಚಿಡುವುದೇಕೆ. ಮಕ್ಕಳು ಕಟ್ಟಿದ್ದು ಬೇರೆ ಶಾಲೆಯ ಹೆಸರಿನಲ್ಲಿ ಯಾಕೆ ಹೋಗಬೇಕು? ಆದರೆ ನಿನ್ನ ಪತ್ರ ಓದಿದಾಗ ವೀರವ್ವನ ಮುಖ ನೀನು ನೋಡಬೇಕಿತ್ತು. ಅವಳು ರೋಣಕ್ಕೆ ಒಮ್ಮೆಯೂ ಹೋದವಳಲ್ಲ. "ಅಲ್ಲಿ ನಾನ ಹೇಳೂದೇನ್ರಿ? ಎಲ್ಲಾರೂ ನನ್ನ ಮಾತ ಕೇಳ್ತಾರೇನ್ರಿ?" ಎಂದು ಮೂರು ದಿನ ಅದನ್ನೇ ಕೇಳಿದಳು.

ನನ್ನದು ಒಂದೇ ಷರತ್ತು. ಪ್ರೈಜು ಬರಲಿ, ಬಿಡಲಿ. ಮಕ್ಕಳು ತಾವು ಕಟ್ಟಿದ್ದರ ಪಕ್ಕ ನಿಂತು "ಇದನ್ನು ನಾವು ಮಾಡಿದ್ದು" ಎನ್ನಬೇಕು.

ಯಂತ್ರವನ್ನು ನಾಳೆಯ ಬಸ್ಸಿನ ಮೇಲೆ ಹಾಕಿ ಕಳಿಸುತ್ತೇವೆ. ಕಂಡಕ್ಟರ್ ಮೆಹಬೂಬಸುಭಾನಿ ನಮ್ಮವನೇ, ಜೋಪಾನವಾಗಿ ಇಳಿಸಿ ಕೊಡುತ್ತಾನೆ. ಗಂಟು ಯಾವುದನ್ನೂ ಬಿಚ್ಚಬೇಡಿರಿ.

ಗುಲ್ಷನ

•

ನರಗುಂದ
3-10-2005

ಪ್ರಿಯ ಗುಲ್ಷನ,

ಯಂತ್ರ ಬಂದು ಮುಟ್ಟಿತು. ಎಲ್ಲರಿಗೂ ಮೆಚ್ಚುಗೆಯಾಗಿದೆ. ತಾರೀಖು ಇನ್ನೂ ಗಟ್ಟಿಯಾಗಿಲ್ಲ. ಮಕ್ಕಳನ್ನು ಕರೆತರುವ ಅವಸರ ಮಾಡಬೇಡ, ನಾನೇ ತಿಳಿಸುತ್ತೇನೆ. ಪರೀಕ್ಷೆಯ ಕೆಲಸ ಬಹಳ. ರಮಜಾನಿನ ಶುಭಾಶಯ.

ವಿದ್ಯಾಶ್ರೀ

•

ಗಜೇಂದ್ರಗಡ
7-11-2005

ವಿದ್ಯಾ,

ಹಬ್ಬ ಚೆನ್ನಾಗಿ ಆಯಿತು. ಶಾವಿಗೆಯ ಸುರಕುಂಬಾ ಕುಡಿಯುವಾಗ ನಿನ್ನನ್ನು ನೆನೆದೆವು. ನಿನಗೆ ಕೆಲಸ ಬಹಳ ಎಂದು ಗೊತ್ತು, ಅದಕ್ಕೇ ನಾನೂ ಸುಮ್ಮನಿದ್ದೆ.

ಇಲ್ಲಿ ದಿನಾ ತಾಲೀಮು ನಡೆದಿದೆ. ನಯೀಮ ತೀರ್ಪುಗಾರನಾಗಿ ಕುರ್ಚಿಯಲ್ಲಿ ಕೂಡುತ್ತಾನೆ, ಕನ್ನಡಕ ನನ್ನದು. "ಈ ಹಗ್ಗಾ ಯಾಕ ಸಡ್ಲ ಐತಿ?" ಎಂದು ಗದರುತ್ತಾನೆ. ವೀರವ್ವ ಮೊದಲು ನೆಲ ನೋಡುತ್ತಿದ್ದಳು, ಈಗ ಅವನ ಮುಖ ನೋಡಿ ಉತ್ತರ ಹೇಳುತ್ತಾಳೆ. ಶಂಭುಲಿಂಗ ಇಬ್ಬರು ಹುಡುಗಿಯರಿಗೂ ಪಾದದವರೆಗೆ ಬರುವ ಒಂದೇ ಅಂಚಿನ ಪರಕಾರ ಹೊಲಿಸಿದ್ದಾನೆ.

ತಾರೀಖು ಬರಿ. ಒಂದು ಕಾರ್ಡು ಸಾಕು.

ಗುಲ್ಷನ

•

ಗಜೇಂದ್ರಗಡ
28-11-2005

ವಿದ್ಯಾಶ್ರೀಯವರಿಗೆ,

ನಿಮ್ಮ ಕಾರ್ಡು ಬರಲಿಲ್ಲ. ಖಾದರ ಮೊನ್ನೆ ಶನಿವಾರ ಬೆಳಿಗ್ಗೆ ಬಳೆಯ ವ್ಯಾಪಾರಕ್ಕೆ ರೋಣಕ್ಕೆ ಹೋಗಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಅಂದೇ ಪ್ರದರ್ಶನವೆಂಬ ಬ್ಯಾನರ್ ನೋಡಿ ಮಲಿಕಸಾಬನ ಬೂತಿಗೆ ಫೋನು ಮಾಡಿದ. ಎರಡೂ ಹುಡುಗಿಯರು ಪರಕಾರ ಉಟ್ಟುಕೊಂಡು ತಯಾರಾದರು. ನಾನು ಮೂರ್ಖಳು, ಅಂಚೆ ತಪ್ಪಿರಬೇಕು ಎಂದು ದಾರಿಯುದ್ದಕ್ಕೂ ಮಕ್ಕಳಿಗೆ ಸಮಾಧಾನ ಹೇಳಿದೆ.

ಯಂತ್ರವನ್ನು ಮೊದಲು ಗುರುತು ಹಿಡಿದವಳು ವೀರವ್ವ, ಅದೂ ಯಾರೋ ಕೈಯಿಂದ ತಿರುಗಿಸಿದ ಗಾಲಿಯ ಸಪ್ಪಳದಿಂದ. ಮೈತುಂಬ ಬೆಳ್ಳಿ ಬಣ್ಣ ಬಳಿದಿದ್ದಿರಿ. ಗಂಟುಗಳನ್ನು ಬ್ಲೇಡಿನಿಂದ ಕೊಯ್ದು ಅಂಟು ಹಾಕಿದ್ದಿರಿ. ಕೊಯ್ಯದೆ ಬಿಟ್ಟ ಎರಡೋ ಮೂರೋ ಗಂಟು ಬಣ್ಣದ ಕೆಳಗಿದ್ದವು. ಮುಂದೆ ಫಲಕ, ಅದರಲ್ಲಿ ನಿಮ್ಮ ಶಾಲೆ, ನಿಮ್ಮ ಶಾಲೆಯ ಇಬ್ಬರು ಹುಡುಗರು, ಮಾರ್ಗದರ್ಶನ ಶ್ರೀಮತಿ ವಿದ್ಯಾಶ್ರೀ. ಇನ್ನು ಯಾರೂ ಇಲ್ಲ.

ಸಿಮ್ರಾನ ಗಾಲಿಯ ಮೇಲೆ ಕೈಯಿಟ್ಟಳು. ಟೈ ಕಟ್ಟಿದ ಹುಡುಗ, "ಏ, ಮುಟ್ಟಬ್ಯಾಡ!" ಎಂದ.

ಅದೇ ಮಾತು, ವಿದ್ಯಾ. ಆ ಮಾತಿಗಾಗಿ ನಾನು ನನ್ನ ಮಗಳನ್ನು ಶಾಲೆ ಬಿಡಿಸಿದೆ. ಅವಳು ಕಟ್ಟಿದ ಯಂತ್ರದ ಮುಂದೆಯೇ ಅವಳಿಗೆ ಆ ಮಾತು ಹೇಳಿಸಿದ್ದೀ.

ಆಮೇಲೆ ತೀರ್ಪುಗಾರರು ಬಂದರು. ಹುಡುಗರು ಟೇಬಲ್ ಫ್ಯಾನು ಹಚ್ಚಿದರು. ನೂಲು ಹರಿಯಿತು. ಹರಿಯದೆ ಏನು? ಸಡಿಲ ಹುರಿ ನೋಡಲು ಚೆನ್ನಾಗಿಲ್ಲವೆಂದು ಬಿಗಿದು ಕಟ್ಟಿದ್ದಿರಿ. ಮತ್ತೆ ಹಚ್ಚಿದರು, ಮತ್ತೆ ಹರಿಯಿತು. ಹುಡುಗನ ಹಣೆಯ ಮೇಲೆ ಬೆವರು. ಸಿಮ್ರಾನ ನನ್ನ ಕೈ ಹಿಡಿದು, "ಹರಿಲಿ ಬಿಡ ಅಮ್ಮೀ" ಎಂದಳು. ಆದರೆ ವೀರವ್ವ ಮುಂದೆ ಬಾಗಿ ಆ ಹುಡುಗನ ಕಿವಿಯಲ್ಲಿ ಹೇಳಿದಳು, "ಹಗ್ಗಾ ಸಡ್ಲ ಮಾಡೋ ಅಣ್ಣಾ, ನೂಲ ಹಾಳಾಗಾಕತ್ತೈತಿ."

ಅವನು ಸಡಿಲಿಸಿದ. ಕಂಡಿಕೆ ಮೆತ್ತಗೆ ಸುತ್ತಿತು. "ಯಾಕೆ ಸಡಿಲ?" ಎಂದು ತೀರ್ಪುಗಾರರು ಕೇಳಿದರು. ನಯೀಮ ಕೇಳುತ್ತಿದ್ದ ಅದೇ ಪ್ರಶ್ನೆ! ಹುಡುಗ ವೀರವ್ವನ ಕಡೆ ನೋಡಿದ. ಅವಳು ಸಣ್ಣ ದನಿಯಲ್ಲಿ ಹೇಳಿದಳು, ಅವನು ದೊಡ್ಡ ದನಿಯಲ್ಲಿ ಹೇಳಿದ. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು.

ಆಗ ನೀನು ಹಳದಿ ಸೀರೆಯುಟ್ಟು ಕಂಬದ ಹತ್ತಿರ ನಿಂತಿದ್ದೆ. ನನ್ನನ್ನು ನೋಡಿದೆ. ಆಮೇಲೆ ತಿರುಗಿ ಗೋಡೆ ನೋಡುತ್ತ ನಿಂತೆ. ಆ ಗೋಡೆಯ ಮೇಲೆ ಏನೂ ಇರಲಿಲ್ಲ.

ಬಸ್ಸಿನಲ್ಲಿ ವೀರವ್ವ ಒಂದೇ ಮಾತು ಕೇಳಿದಳು. "ಅಂವಗ ನಾ ಹೇಳಬಾರದಾಗಿತ್ತೇನ್ರಿ ಚಾಚಿ?" ಕದ್ದವರು ಚಪ್ಪಾಳೆ ತೆಗೆದುಕೊಂಡು ಹೋದರು, ಇವಳು ತಾನು ತಪ್ಪು ಮಾಡಿದೆನೇ ಎಂದು ಕೇಳುತ್ತಿದ್ದಾಳೆ!

ನಿನಗೆ ಹೇಳಿರಲಿಲ್ಲ. ಯಂತ್ರ ನಿನ್ನ ಊರಿಗೆ ಬಂದ ದಿನದಿಂದ ವೀರವ್ವ ಮತ್ತೆ ಕೈಯಲ್ಲೇ ಕಂಡಿಕೆ ಸುತ್ತುತ್ತಿದ್ದಾಳೆ. ಪಡಸಾಲೆಗೆ ಬರಲು ಆಗುತ್ತಿಲ್ಲ. ತಾಲೀಮು ನಡೆದದ್ದೂ ಅವಳ ರಾಟೆಯ ಮುಂದೆಯೇ. ಸಿಮ್ರಾನ ಪುಸ್ತಕ ಹಿಡಿದು ಅವಳ ಪಕ್ಕ ಕೂತು ಓದಿಸುತ್ತಾಳೆ. ಒಂದು ದಿನ ರೋಣದಲ್ಲಿ ಮಾತಾಡಬೇಕೆಂಬ ಆಸೆಗೆ ಅವಳು ಇದನ್ನೆಲ್ಲ ಒಪ್ಪಿಕೊಂಡಿದ್ದಳು. ನಮ್ಮ ಯಂತ್ರ ತಿರುಗಿ ಕಳಿಸು.

ಗುಲ್ಷನ

•

ನರಗುಂದ
15-12-2005

ಪ್ರಿಯ ಗುಲ್ಷನ,

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ನನ್ನ ಕಡೆಯದನ್ನೂ ಸ್ವಲ್ಪ ಕೇಳು.

ಹೆಸರು ಬರೆಯುವ ಹೊತ್ತಿಗೆ ಅಧ್ಯಕ್ಷರು ನನ್ನನ್ನು ಕರೆದು, "ಸಾಲಿಗೆ ಬರದ ಹುಡುಗ್ಯಾರ ಹೆಸರ ಹಾಕಿದ್ರ ನಮ್ಮ ಸಾಲಿ ಮರ್ಯಾದಿ ಏನಾತ್ರಿ ಟೀಚರ್?" ಎಂದರು. ನನ್ನ ಕಾಯಂ ಆಗುವ ಮಾತೂ ಅದೇ ವಾರ ಬಂತು. ಒಮ್ಮೆ ಬಾಯಿ ತೆರೆದೆ, ಆಮೇಲೆ ತೆರೆಯಲಿಲ್ಲ. ನಿನಗೆ ಬರೆಯಲು ಕೂತಾಗಲೆಲ್ಲ ನಾಳೆ ಬರೆಯೋಣ ಎನಿಸುತ್ತಿತ್ತು. ಪ್ರದರ್ಶನ ಮುಗಿದ ಮೇಲೆ ಮಕ್ಕಳಿಗೆ ಏನಾದರೂ ಉಡುಗೊರೆ ಕಳಿಸಿದರಾಯಿತು ಎಂದುಕೊಂಡಿದ್ದೆ.

ಯಂತ್ರ ಈಗಲೇ ಕೊಡಲು ಆಗದು. ಜನವರಿಯಲ್ಲಿ ಗದಗಿನ ಪ್ರದರ್ಶನಕ್ಕೆ ಅದು ಆಯ್ಕೆಯಾಗಿದೆ. ಬಹುಮಾನವಾಗಿ ಒಂದು ವಿಜ್ಞಾನದ ಪೆಟ್ಟಿಗೆ ಕೊಟ್ಟರು. ಹೆಡ್‌ಮಾಸ್ತರರ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಾರೆ. ಇದನ್ನು ಓದಿ ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ.

ನನ್ನನ್ನು ಕ್ಷಮಿಸು.

ವಿದ್ಯಾ

•

ಗಜೇಂದ್ರಗಡ
19-12-2005

ವಿದ್ಯಾ,

ನಗಲಿಲ್ಲ.

ಈ ಸಲವೂ ನೀನು ಗೇಟಿನವರೆಗೆ ಬಂದೆ. ಕ್ಷಮೆಯನ್ನು ನನ್ನ ಹತ್ತಿರ ಯಾಕೆ ಕೇಳುತ್ತೀ? ನಾನೇನು ಗಂಟು ಹಾಕಿದವಳೇ? ವೀರವ್ವನಿಗೆ ಬರಿ. ಅಕ್ಷರ ದೊಡ್ಡದಾಗಿ ಬರಿ. ಅವಳಿಗೆ ಈಗ ಓದಲು ಬರುತ್ತದೆ.

ಗುಲ್ಷನ

•

ನರಗುಂದ
9-1-2006

ವೀರವ್ವನಿಗೆ,

ನಾನು ವಿದ್ಯಾಶ್ರೀ ಟೀಚರ್. ಗಾಳಿರಾಟೆಯನ್ನು ಕಟ್ಟಿದವರು ನೀನು, ಸಿಮ್ರಾನ ಮತ್ತು ನಿಮ್ಮ ಗೆಳೆಯರು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ರೋಣದಲ್ಲಿ ನಿಮ್ಮನ್ನು ನೋಡಿದೆ. ನೋಡಿ ಮುಖ ತಿರುಗಿಸಿದೆ. ನನಗೆ ಹೆದರಿಕೆಯಾಗಿತ್ತು. ಆದರೆ ಅದರ ಬೆಲೆಯನ್ನು ನೀನು ಕೊಡಬೇಕಾಗಿರಲಿಲ್ಲ.

ಗದಗಿನ ಪ್ರದರ್ಶನಕ್ಕೆ ನಿಮ್ಮ ಐವರ ಹೆಸರು ಬರೆದುಕೊಟ್ಟೆ. ಅಧ್ಯಕ್ಷರು ಅದನ್ನು ಹರಿದರು. ಹಾಗಾದರೆ ಯಂತ್ರ ನಮ್ಮದಲ್ಲ, ಕಳಿಸಿಬಿಡುತ್ತೇನೆ ಎಂದು ಎಲ್ಲ ಟೀಚರುಗಳ ಮುಂದೆ ಹೇಳಿದೆ. ನಾಳೆ ಮೆಹಬೂಬಸುಭಾನಿಯವರ ಬಸ್ಸಿಗೆ ಅದು ಬರುತ್ತದೆ. ಇಂದಿನಿಂದ ನನಗೆ ಆ ಶಾಲೆಯಲ್ಲಿ ಕೆಲಸವಿಲ್ಲ. ನೀನು ಅಯ್ಯೋ ಅನ್ನಲಿ ಎಂದು ಇದನ್ನು ಬರೆದಿಲ್ಲ. ಗುಲ್ಷನ ಕೇಳಿದರೆ ಹೇಳು, ಈ ಸಲ ಗೇಟು ದಾಟಿದೆ ಅಂತ.

ಆ ಹುಡುಗನಿಗೆ ನೀನು ಹೇಳಿಕೊಟ್ಟದ್ದು ತಪ್ಪಲ್ಲ. ತಪ್ಪು ಮಾಡಿದವಳು ನಾನು.

ವಿದ್ಯಾಶ್ರೀ

•

ಗಜೇಂದ್ರಗಡ
20-1-2006

ಟೀಚರಗೆ ವೀರವ್ವನ ನಮಸ್ಕಾರ್ರಿ.

ನಿಮ್ಮ ಪತ್ರ ನಾನ ಓದೀನ್ರಿ. ಎರಡ ದಿನ ಹಿಡೀತು. ಯಾರ್ನೂ ಕೇಳಲಿಲ್ಲ.

ನೀವು ಮುಖ ತಿರುವಿದ್ದ ನಾನೂ ನೋಡೀನ್ರಿ. ನಂಗ ಭಾಳ ಸಿಟ್ಟ ಬಂದಿತ್ತು. ಇನ್ನೂ ಐತಿ. ಸಿಟ್ಟ ಹೋದ ಮ್ಯಾಲ ತಿಳಸ್ತೀನಿ.

ರಾಟಿ ಬಂತು. ಅಂಟ ಕಿತ್ತಾಕ ಭಾಳ ತ್ರಾಸ ಆತು. ಬಣ್ಣಾನೂ ತಿಕ್ಕಿ ತಿಕ್ಕಿ ತಗದ್ವಿ, ನಮ್ಮ ಉಗರೆಲ್ಲಾ ಬೆಳ್ಳಗ ಆಗ್ಯಾವು. ನನ್ನ ಒಂದ ಹಸರ ಗಂಟ ಒಳಗ ಹಂಗ ಇತ್ರಿ. ಉಳದದ್ದ ಮತ್ತ ಕಟ್ಟೀವಿ. ಈಗ ರಾಟಿ ಮಾಳಗಿ ಮ್ಯಾಲ ತಿರಗಾಕತ್ತೈತಿ, ಅದಕ್ಕ ನಂಗ ಕುಂತ ಬರಿಯಾಕ ಟೈಮ ಸಿಕ್ಕೈತಿ.

ಆ ಟೈ ಹುಡುಗಗ ಒಂದ ಮಾತ ಹೇಳ್ರಿ. ಹಗ್ಗಾ ಸಡ್ಲ ಬಿಡೂದ ಗಾಳಿ ಜೋರ ಇದ್ದಾಗ ಅಷ್ಟ. ಗಾಳಿ ಸಣ್ಣಗಿದ್ರ ರಾಟಿ ನಿಲ್ಲಸಿದ ಗೂಟಾ ಹಿಂದ ಸರಿಸಿ ಹಗ್ಗಾ ಬಿಗಿ ಮಾಡಬೇಕು, ಇಲ್ಲಂದ್ರ ತಿರಗಂಗಿಲ್ಲ. ಅವತ್ತ ನಾ ಅರ್ಧಾನ ಹೇಳಿದ್ದೆ. ಉಳದ ಅರ್ಧಾ ಅಂವಗ ಬೇಕಂದ್ರ ಅಂವನ ಇಲ್ಲಿಗೆ ಬಂದ ಕೇಳಲಿ. ನನ್ನ ಹೆಸರ ಹಿಡದ ಕೇಳಲಿ.

ನೀವೂ ಬರ್ರಿ. ನಿಮಗ ಈಗ ಸಾಲಿ ಇಲ್ಲಂತ ಚಾಚಿ ಹೇಳ್ಯಾರು. ನಮಗೂ ಇಲ್ರಿ. ಕೈ ತೊಳಕೊಂಡ ಬಂದ್ರ ನೀವೂ ಮುಟ್ಟಬಹುದು.

ವೀರವ್ವ